ಪಾಳಿಯ ಮನೆ: ವಿನೋದವನವೋ, ಕಡಲತೀರವೋ?

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಅನೇಕ ಮನೆಗಳಲ್ಲಿ ಹೊಸ ವರ್ಷ ಕಾಲಿಡುತ್ತಿದ್ದಂತೆಯೇ ಒಂದು ಚರ್ಚೆ ಮೊದಲಾಗುತ್ತದೆ. ಬೇಸಿಗೆಯ ರಜೆಯಲ್ಲಿ ದೊರೆಯುವ ಒಂದು ವಾರವನ್ನು ಎಲ್ಲಿ ಕಳೆಯಬೇಕು? ಮಕ್ಕಳು ಫ್ಲಾರಿಡಾದ ಆರ್ಲೆಂಡೊ ನಗರದ ವಿನೋದವನಗಳ ಹೆಸರು ಹೇಳುತ್ತಾರೆ, ತಂದೆ ಸಮುದ್ರತೀರವೆನ್ನುತ್ತಾನೆ, ತಾಯಿ ಲೆಕ್ಕದ ಪುಸ್ತಕ ತೆರೆಯುತ್ತಾಳೆ. ಮಗನ ಮನೆಗೆಂದು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅಜ್ಜ ಅಜ್ಜಿಯರನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಇದು ಒಂದು ರಜೆಯ ಪ್ರಶ್ನೆ ಮಾತ್ರವಾಗಿದ್ದರೆ ಈ ಅಂಕಣದಲ್ಲಿ ಅದಕ್ಕೆ ಸ್ಥಳವಿರುತ್ತಿರಲಿಲ್ಲ. ಆದರೆ ಈ ಕುಟುಂಬಗಳು ‘ಟೈಮ್‌ಶೇರ್’ ಎಂಬ ವಿಚಿತ್ರ ಒಡೆತನವನ್ನು ಕೊಂಡಿರುತ್ತವೆ. ಅವು ಆರಿಸಿಕೊಳ್ಳುವುದು ಒಂದು ವಾರವನ್ನಲ್ಲ, ಮೂವತ್ತು ನಲವತ್ತು ವರ್ಷಗಳ ವಾರಗಳನ್ನು. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮಕ್ಕಳು ಆ ದೇಶದಲ್ಲಿರುವುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತವೆಂದು ತೋರಿತು.

ಟೈಮ್‌ಶೇರ್ ಎಂದರೇನೆಂಬುದನ್ನು ನಮ್ಮ ಹಳ್ಳಿಯ ಹಿರಿಯರಿಗೆ ತಿಳಿಸುವುದು ಕಷ್ಟವಲ್ಲ. ಅಣ್ಣತಮ್ಮಂದಿರು ಹೊಲವನ್ನು ಹಂಚಿಕೊಂಡರೂ ಬಾವಿಯನ್ನು ಹಂಚಿಕೊಳ್ಳಲಾರರು. ಅದಕ್ಕೆ ಪಾಳಿ ಗೊತ್ತುಮಾಡುತ್ತಾರೆ. ಸೋಮವಾರ ಹಿರಿಯವನ ನೀರು, ಮಂಗಳವಾರ ಕಿರಿಯವನ ನೀರು. ಹೂಳೆತ್ತಿಸುವ ಖರ್ಚು ಮಾತ್ರ ಎಲ್ಲರ ಮೇಲೂ ಬೀಳುತ್ತದೆ, ಆ ವರ್ಷ ನೀರೆತ್ತಿದರೂ ಸರಿ, ಎತ್ತದಿದ್ದರೂ ಸರಿ. ಟೈಮ್‌ಶೇರ್ ಕೂಡ ಹೀಗೆಯೇ. ವಿಹಾರಸ್ಥಳದ ಒಂದು ಮನೆಯನ್ನು ವಾರಗಳ ಲೆಕ್ಕದಲ್ಲಿ ಹಲವರಿಗೆ ಮಾರುತ್ತಾರೆ. ಕೊಂಡವನಿಗೆ ವರ್ಷಕ್ಕೊಂದು ಪಾಳಿ. ನಿರ್ವಹಣಾ ಶುಲ್ಕ ಮಾತ್ರ ತಪ್ಪದೆ ಪ್ರತಿವರ್ಷ. ಈ ಕಲ್ಪನೆ ಹುಟ್ಟಿದ್ದು ೧೯೬೦ರ ದಶಕದ ಯುರೋಪಿನಲ್ಲಿ, ಫ್ರಾನ್ಸಿನ ಆಲ್ಪ್ಸ್ ಪರ್ವತಗಳ ಹಿಮಕ್ರೀಡಾ ತಾಣಗಳಲ್ಲಿ ಮತ್ತು ಸ್ವಿಟ್ಜರ್‌ಲೆಂಡಿನಲ್ಲಿ. ಅಮೆರಿಕಕ್ಕೆ ಬಂದ ಮೇಲೆ ೧೯೭೪ರಲ್ಲಿ ಜಾನ್ ಮತ್ತು ಕ್ರಿಸ್ಟೆಲ್ ಡಿಹಾನ್ ದಂಪತಿಗಳು ಇಂಡಿಯಾನಾಪೊಲಿಸ್ ನಗರದಲ್ಲಿ ಆರ್.ಸಿ.ಐ. ಎಂಬ ವಿನಿಮಯ ಸಂಸ್ಥೆಯನ್ನು ಸ್ಥಾಪಿಸಿದರು. ನನ್ನ ವಾರವನ್ನು ನೀನು ಬಳಸು, ನಿನ್ನ ವಾರವನ್ನು ನಾನು ಬಳಸುತ್ತೇನೆ. ಇದನ್ನು ನಮ್ಮ ರೈತರು ಮುಯ್ಯಿ ಎನ್ನುತ್ತಾರೆ. ಮುಯ್ಯಾಳು ಕಳಿಸಿದವನಿಗೆ ಮುಯ್ಯಾಳು ಬರುವಂತೆ, ಒಂದೂರಿನ ವಾರವನ್ನು ಸಂಸ್ಥೆಗೆ ಒಪ್ಪಿಸಿದವನಿಗೆ ಬೇರೊಂದೂರಿನ ವಾರ ಬರುತ್ತದೆ.

ಆ ದೇಶದಲ್ಲಿ ಈ ವ್ಯಾಪಾರ ಬೆಳೆದ ಬಗೆಯಲ್ಲಿಯೇ ನಮ್ಮ ಚರ್ಚೆಯ ಎರಡು ಪಕ್ಷಗಳೂ ಕಾಣುತ್ತವೆ. ಮ್ಯಾರಿಯಟ್ ಎಂಬ ಹೋಟೆಲು ಸಂಸ್ಥೆ ೧೯೮೪ರಲ್ಲಿ ದಕ್ಷಿಣ ಕೆರೊಲಿನಾದ ಹಿಲ್ಟನ್ ಹೆಡ್ ದ್ವೀಪದ ಕಡಲತೀರದಿಂದ ಆರಂಭಿಸಿತು. ಡಿಸ್ನಿ ಸಂಸ್ಥೆ ೧೯೯೧ರಲ್ಲಿ ಆರ್ಲೆಂಡೊದ ತನ್ನ ವಿನೋದವನದ ಮಗ್ಗುಲಲ್ಲಿಯೇ ಆರಂಭಿಸಿತು. ಸ್ವಾರಸ್ಯವೆಂದರೆ, ವಿನೋದವನದ ಒಡೆಯರೇ ಮುಂದೆ ಕಡಲನ್ನು ಅರಸಿಕೊಂಡು ಹೋದರು: ೧೯೯೫ರಲ್ಲಿ ಫ್ಲಾರಿಡಾದ ವೇರೋ ಬೀಚಿನಲ್ಲಿ, ೧೯೯೬ರಲ್ಲಿ ಅದೇ ಹಿಲ್ಟನ್ ಹೆಡ್ಡಿನಲ್ಲಿ ವಸತಿಗಳನ್ನು ಕಟ್ಟಿದರು. ಒಮ್ಮೆ ವನವನ್ನು ಕಂಡು ತೃಪ್ತನಾದವನು ಮರುವರ್ಷ ಮರಳನ್ನು ಕೇಳುತ್ತಾನೆಂಬುದು ಅವರಿಗೆ ತಿಳಿದಿದ್ದಿರಬೇಕು.

ಮೊದಲು ವಿನೋದವನದ ಪಕ್ಷ. ಆರ್ಲೆಂಡೊದ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆದದ್ದು ೧೯೭೧ರ ಅಕ್ಟೋಬರ್ ೧ರಂದು. ಸುಮಾರು ೨೫,೦೦೦ ಎಕರೆಗಳ ಆ ಪ್ರದೇಶದಲ್ಲಿ ೧೯೮೨, ೧೯೮೯, ೧೯೯೮ರಲ್ಲಿ ತೆರೆದವುಗಳೂ ಸೇರಿ ಈಗ ನಾಲ್ಕು ವನಗಳಿವೆ. ೧೯೯೦ರಿಂದ ಯೂನಿವರ್ಸಲ್ ಸಂಸ್ಥೆಯದೂ ಪಕ್ಕದಲ್ಲಿದೆ. ಅಲ್ಲಿಯ ಸೊಗಸನ್ನು ಅಲ್ಲಗಳೆಯುವುದು ಅನ್ಯಾಯ. ಆರೇಳು ವರ್ಷದ ಕೂಸಿಗೆ ಅದು ಕಥೆಯ ಪುಸ್ತಕ ಎದ್ದು ನಡೆದಾಡಿದಂತೆ. ಆದರೆ ಟೈಮ್‌ಶೇರ್ ಕೊಂಡವನು ಅನೇಕ ವೇಳೆ ಮರೆಯುವ ಸಂಗತಿಯೊಂದಿದೆ: ಕೊಂಡದ್ದು ವಸತಿಯನ್ನೇ ಹೊರತು ವನದ ಪ್ರವೇಶವನ್ನಲ್ಲ. ಈಗ ಡಿಸ್ನಿಯ ಒಂದು ದಿನದ ಪ್ರವೇಶಕ್ಕೆ ತಲೆಗೆ ನೂರು ಡಾಲರಿಗೂ ಹೆಚ್ಚು. ಕ್ರಿಸ್‌ಮಸ್ ವಾರದಂಥ ದಟ್ಟಣೆಯ ದಿನಗಳಲ್ಲಿ ಇನ್ನೂರರ ಸಮೀಪ. ಹಲವು ದಿನಗಳಿಗೆ ಒಟ್ಟಿಗೆ ಕೊಂಡರೆ ದಿನದ ದರ ಸ್ವಲ್ಪ ಇಳಿಯುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ಶುಲ್ಕವಿಲ್ಲ. ಹತ್ತು ತುಂಬಿದರೆ ಪೂರ್ಣ ಶುಲ್ಕ. ಹಿರಿಯರಿಗೆ ರಿಯಾಯಿತಿ ಇಲ್ಲವೇ ಇಲ್ಲ. ಯಾವ ಯಂತ್ರದ ತೊಟ್ಟಿಲನ್ನೂ ಏರದ ಅಜ್ಜಿಯೂ ಬಾಗಿಲಲ್ಲಿ ತರುಣರಷ್ಟೇ ತೆರಬೇಕು. ಸಾಲಿನಲ್ಲಿ ನಿಲ್ಲುವುದನ್ನು ತಪ್ಪಿಸುವ ಚೀಟಿ ೧೯೯೯ರಿಂದ ಉಚಿತವಾಗಿತ್ತು. ೨೦೨೧ರಿಂದ ಅದಕ್ಕೂ ಹಣ.

ಇನ್ನೊಂದು ತೊಡಕು ಎತ್ತರದ್ದು. ಸ್ಪೇಸ್ ಮೌಂಟನ್ ಎಂಬ ವೇಗದ ಬಂಡಿಯನ್ನೇರಲು ೪೪ ಅಂಗುಲ, ಅಂದರೆ ಸುಮಾರು ೧೧೨ ಸೆಂಟಿಮೀಟರ್ ಎತ್ತರವಿರಬೇಕು. ಅಣ್ಣ ಒಳಗೆ ಹೋಗುತ್ತಾನೆ, ತಂಗಿ ಹೊರಗೆ ಅಳುತ್ತಾಳೆ. ಮೂರು ವರ್ಷ ಕಳೆದು ತಂಗಿ ಬೆಳೆಯುವ ಹೊತ್ತಿಗೆ ಅಣ್ಣನಿಗೆ ಆ ಆಟ ಸಪ್ಪೆಯಾಗಿರುತ್ತದೆ. ಇಬ್ಬರಿಗೂ ಒಟ್ಟಿಗೆ ಹಿತವಾಗುವ ವರ್ಷಗಳನ್ನು ಎಣಿಸಿದರೆ ಐದೋ ಆರೋ ಉಳಿಯುತ್ತವೆ.

ಕಡಲತೀರದ ಲೆಕ್ಕ ಬೇರೆ. ಫ್ಲಾರಿಡಾ ರಾಜ್ಯದಲ್ಲಿ ಸರಾಸರಿ ಉಬ್ಬರದ ರೇಖೆಯಿಂದ ಈಚೆಗೆ, ನೀರಿನ ಕಡೆಗಿರುವ ಮರಳು ಸಾರ್ವಜನಿಕರ ಸ್ವತ್ತೆಂದು ರಾಜ್ಯದ ಸಂವಿಧಾನವೇ ಹೇಳುತ್ತದೆ. ಅಲೆಗೆ ಟಿಕೆಟ್ಟಿಲ್ಲ. ಹಾಗೆಂದು ಕಡಲು ಅಗ್ಗವೆಂದು ಭಾವಿಸಬೇಕಾಗಿಲ್ಲ. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ, ವಿಮೆಯ ಕಂತು ಏರುತ್ತದೆ. ಡಿಸ್ನಿಯ ವಸತಿಗಳ ಪೈಕಿ ವಾರ್ಷಿಕ ಶುಲ್ಕ ಅತ್ಯಧಿಕವಾಗಿರುವವುಗಳ ಸಾಲಿನಲ್ಲಿ ವೇರೋ ಬೀಚ್ ಇರುವುದಕ್ಕೆ ಇದೇ ಕಾರಣ. ಅಟ್ಲಾಂಟಿಕ್ ಚಂಡಮಾರುತಗಳ ಋತು ಜೂನ್ ೧ರಿಂದ ನವೆಂಬರ್ ೩೦ರವರೆಗೆ. ಶಾಲೆಯ ರಜೆ ಪೂರ್ತಿಯಾಗಿ ಅದರೊಳಗೇ ಬೀಳುತ್ತದೆ. ೨೦೦೪ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್, ಜೀನ್ ಎಂಬ ಎರಡು ಚಂಡಮಾರುತಗಳು ಮೂರೇ ವಾರಗಳ ಅಂತರದಲ್ಲಿ ವೇರೋ ಬೀಚಿನ ಹತ್ತಿರದ ಅದೇ ತೀರವನ್ನು ಹೊಡೆದವು. ಒಳನಾಡಿನ ಆರ್ಲೆಂಡೊ ಕೂಡ ಆ ವರ್ಷ ಪಾರಾಗಲಿಲ್ಲ. ಆಗಸ್ಟಿನಲ್ಲಿ ಚಾರ್ಲಿ ಎಂಬುದು ಅದರ ಮೇಲೆಯೇ ಹಾದುಹೋಯಿತು. ರೋಗದ ಕಾಲದಲ್ಲಿ, ೨೦೨೦ರ ಮಾರ್ಚ್ ಮಧ್ಯದಿಂದ ಜುಲೈ ೧೧ರವರೆಗೆ, ಡಿಸ್ನಿಯ ವನಗಳು ಬಾಗಿಲು ಮುಚ್ಚಿದ್ದನ್ನೂ ಟೈಮ್‌ಶೇರ್ ಉಳ್ಳವರು ಮರೆತಿಲ್ಲ.

ಕೆಲವು ವರ್ಷಗಳ ಹಿಂದೆ ಪ್ರವಚನಕ್ಕೆಂದು ಆ ದೇಶಕ್ಕೆ ಹೋಗಿದ್ದಾಗ, ನ್ಯೂಜೆರ್ಸಿಯಲ್ಲಿ ನಾನು ತಂಗಿದ್ದ ಮನೆಯವರು ಇಂಥ ಪಾಳಿಯನ್ನು ಕೊಂಡವರಾಗಿದ್ದರು. ಮನೆಯ ಹಿರಿಯಾಕೆ ನಮ್ಮ ಕಡೆಯವರೇ, ಮೊಣಕಾಲು ನೋವಿನ ಎಪ್ಪತ್ತು ದಾಟಿದ ತಾಯಿ. ಹಿಂದಿನ ವರ್ಷ ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ ಮೂರು ದಿನ ವಿನೋದವನ ಸುತ್ತಿಸಿದ್ದರಂತೆ. “ಏನು ನೋಡಿದಿರಿ ತಾಯಿ?” ಎಂದು ಕೇಳಿದೆ. “ಮಂದಿಯ ಬೆನ್ನು ನೋಡಿದೆ” ಎಂದರು. ಕುರ್ಚಿಯಲ್ಲಿ ಕುಳಿತವರ ಕಣ್ಣಿಗೆ ಸಾಲಿನಲ್ಲಿ ಬೇರೇನು ಬೀಳಬೇಕು? ಅದಕ್ಕೂ ಹಿಂದಿನ ವರ್ಷ ಕಡಲತೀರಕ್ಕೆ ಹೋಗಿದ್ದಾಗ ಮೊಮ್ಮಕ್ಕಳು ತಮ್ಮ ಕಾಲಬುಡದಲ್ಲಿ ಮರಳಿನ ಗುಡಿ ಕಟ್ಟಿದ್ದನ್ನೂ, ಅಲೆ ಬಂದು ಅದನ್ನು ಒಯ್ದದ್ದನ್ನೂ, ಅವರು ಮತ್ತೆ ಕಟ್ಟಿದ್ದನ್ನೂ ಆಕೆ ನಿನ್ನೆ ನಡೆದಂತೆ ಬಣ್ಣಿಸಿದರು. ಆದರೆ ಸೊಸೆಯ ಅನುಭವ ಬೇರೆಯಾಗಿತ್ತು. ಈ ವಸತಿಗಳಲ್ಲಿ ಬಹುಪಾಲಿಗೆ ಅಡುಗೆಮನೆ ಇರುತ್ತದೆ. ಸಸ್ಯಾಹಾರಿಗಳಾದ ನಮ್ಮವರು ಟೈಮ್‌ಶೇರಿಗೆ ಒಲಿಯಲು ಅದೂ ಒಂದು ಮುಖ್ಯ ಕಾರಣ. ಕಡಲತೀರದಲ್ಲಿ ದಿನವಿಡೀ ಎಲ್ಲರೂ ಮನೆಯ ಹತ್ತಿರವೇ ಇದ್ದುದರಿಂದ ಆಕೆಗೆ ಮೂರು ಹೊತ್ತೂ ಒಲೆ ತಪ್ಪಲಿಲ್ಲ. ವಿನೋದವನದಲ್ಲಿ ಕಾಲು ನೊಂದರೂ ಮಧ್ಯಾಹ್ನದ ಊಟ ಹೊರಗೇ ಆಯಿತು. ಹೀಗಾಗಿ ಅತ್ತೆಗೆ ಕಡಲು, ಸೊಸೆಗೆ ವನ. ಮಗನು ಇಬ್ಬರ ನಡುವೆ ಸಿಕ್ಕಿ ನನ್ನ ಅಭಿಪ್ರಾಯ ಕೇಳಿದ. ಕಡಲಿಗೇ ಹೋಗಿ, ಒಲೆಯ ಪಾಳಿಯನ್ನೂ ಹಂಚಿಕೊಳ್ಳಿರಿ ಎಂದೆ. ಆತನಿಗೆ ರೊಟ್ಟಿ ಬಡಿಯಲು ಬಾರದೆಂದು ಸೊಸೆ ನಕ್ಕರು. ಅನ್ನ ಸಾರಾದರೂ ಬಂದೀತಲ್ಲವೆ?

ವಿಹಾರದ ಯೋಗ್ಯತೆಯನ್ನು ಅಳೆಯುವಾಗ ಮಕ್ಕಳ ಹರ್ಷವೊಂದನ್ನೇ ಮಾನವಾಗಿ ಹಿಡಿಯುವ ರೂಢಿ ನಮ್ಮಲ್ಲಿಯೂ ಬೆಳೆಯುತ್ತಿದೆ. ಅದು ನನಗೆ ಸರಿಯೆನ್ನಿಸುವುದಿಲ್ಲ. ಮಗು ಎಲ್ಲಿ ಹೋದರೂ ಆಡುತ್ತದೆ. ಮೊಣಕಾಲು ನೊಂದವರು ಎಲ್ಲಿ ಬೇಕಾದರೂ ಕೂಡಲಾರರು.

ಇನ್ನು ಅನುಭವಿಗಳಾದ ಟೈಮ್‌ಶೇರಿಗರ ನಡುವೆ ಪ್ರಚಲಿತವಾದ ಒಂದು ಜಾಣ್ಮೆಯಿದೆ: ಒಡೆತನ ಕಡಲತೀರದಲ್ಲಿರಲಿ, ಆರ್ಲೆಂಡೊಗೆ ಮುಯ್ಯಿಯಲ್ಲಿ ಹೋಗೋಣ. ಇದರ ಹಿಂದಿನ ತರ್ಕ ಸಂತೆಯದು. ಅಮೆರಿಕದಲ್ಲಿ ಟೈಮ್‌ಶೇರ್ ಮನೆಗಳು ಅತ್ಯಂತ ದಟ್ಟವಾಗಿರುವ ಊರೇ ಆರ್ಲೆಂಡೊ. ಹೇರಳವಾಗಿರುವುದು ವಿನಿಮಯದಲ್ಲಿ ಸುಲಭವಾಗಿ ಸಿಗುತ್ತದೆ. ಜುಲೈ ತಿಂಗಳಲ್ಲಿ ಅಲೆಗೆ ಮುಖಮಾಡಿರುವ ಮನೆಗಳಾದರೋ ಎಣಿಕೆಯವು. ಅಂಥ ವಾರ ಕೈಯಲ್ಲಿದ್ದವನು ಅದನ್ನು ಒಪ್ಪಿಸಿ ಆರ್ಲೆಂಡೊದಲ್ಲಿ ತನಗೊಪ್ಪುವ ಮನೆಯನ್ನು ಆರಿಸಬಲ್ಲ. ಆರ್ಲೆಂಡೊದ ವಾರವನ್ನು ಹಿಡಿದು ಜುಲೈ ಕಡಲನ್ನು ಕೇಳುವವನು ಕಾಯುತ್ತ ಕೂಡಬೇಕು. ಮಾವಿನ ಸುಗ್ಗಿಯಲ್ಲಿ ಮಾವು ಹೊತ್ತು ಸಂತೆಗೆ ಹೋದವನ ಪಾಡು ಅದು.

ಡಿಸ್ನಿ ಸಂಸ್ಥೆಯ ಸದಸ್ಯತ್ವದಲ್ಲಿ ವಾರದ ಬದಲು ಅಂಕಗಳು. ವರ್ಷಕ್ಕಿಷ್ಟು ಅಂಕಗಳೆಂದು ಗೊತ್ತಾಗಿರುತ್ತದೆ. ಬಳಸದವುಗಳನ್ನು ಮುಂದಿನ ವರ್ಷಕ್ಕೆ ಕೂಡಿಡಬಹುದು, ಮುಂದಿನ ವರ್ಷದವನ್ನು ಕಡವಾಗಿಯೂ ತರಬಹುದು. ತನ್ನದೆಂದು ಕೊಂಡ ವಸತಿಯನ್ನು ಹನ್ನೊಂದು ತಿಂಗಳ ಮೊದಲೇ ಕಾದಿರಿಸಬಹುದು. ಅದೇ ಸಂಸ್ಥೆಯ ಬೇರೆ ವಸತಿಯಾದರೆ ಏಳು ತಿಂಗಳು ಮಾತ್ರ. ಈ ನಾಲ್ಕು ತಿಂಗಳ ಅಂತರದಲ್ಲಿಯೇ ಬೇಸಿಗೆಯ ಕಡಲು ಬಹುಮಟ್ಟಿಗೆ ಖಾಲಿಯಾಗುವುದು. ಹಿಲ್ಟನ್ ಹೆಡ್ಡಿನಲ್ಲಿ ನಡುಬೇಸಿಗೆಗೆ ಅತಿ ಹೆಚ್ಚು ಅಂಕಗಳು ವ್ಯಯವಾಗುತ್ತವೆ. ಆರ್ಲೆಂಡೊದಲ್ಲಿ ಕ್ರಿಸ್‌ಮಸ್ ವಾರಕ್ಕೆ. ವೇರೋ ಬೀಚಿಗೂ ಡಿಸ್ನಿ ವರ್ಲ್ಡಿಗೂ ಸುಮಾರು ನೂರು ಮೈಲಿಗಳ ದಾರಿಯಾದ್ದರಿಂದ ಎರಡು ಮೂರು ದಿನ ವನ, ಉಳಿದದ್ದು ಕಡಲು ಎಂದು ವಾರವನ್ನೇ ಸೀಳಿಕೊಳ್ಳುವ ಕುಟುಂಬಗಳಿವೆ. ಆ ತೀರದಲ್ಲಿ ಮಾರ್ಚಿನಿಂದ ಅಕ್ಟೋಬರ್‌ವರೆಗೆ ಕಡಲಾಮೆಗಳು ಮರಳನ್ನು ಅಗೆದು ಮೊಟ್ಟೆಯಿಡುತ್ತವೆ. ಮರಿಗಳು ಬೆಳಕನ್ನು ಕಂಡು ದಾರಿ ತಪ್ಪದಿರಲೆಂದು ಆ ತಿಂಗಳುಗಳಲ್ಲಿ ಕಡಲಿಗೆ ಕಾಣುವ ದೀಪಗಳನ್ನು ಮಂದಗೊಳಿಸುತ್ತಾರೆ. ನ್ಯೂಜೆರ್ಸಿಯ ಆ ಮಕ್ಕಳು ನನಗೆ ವಿವರವಾಗಿ ಹೇಳಿದ್ದು ಈ ಆಮೆಗಳ ಕಥೆಯನ್ನೇ; ವಿನೋದವನದ ಬಂಡಿಗಳನ್ನು ಕುರಿತು ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿದರು.

ನಮ್ಮ ನಾಡಿನಲ್ಲಿಯೂ ಟೈಮ್‌ಶೇರ್ ಹೊಸದಲ್ಲ. ಸ್ಟರ್ಲಿಂಗ್, ಕ್ಲಬ್ ಮಹೀಂದ್ರಾ ಮೊದಲಾದ ಸಂಸ್ಥೆಗಳು ಕಳೆದ ಶತಮಾನದಲ್ಲಿಯೇ ಆರಂಭಿಸಿವೆ. ಆದರೆ ಇಲ್ಲಿ ವನ ಕಡಲುಗಳ ಪೈಪೋಟಿ ಹುಟ್ಟಿಲ್ಲ. ಬಿಡದಿಯ ಹತ್ತಿರ ೨೦೦೫ರಲ್ಲಿ ತೆರೆದ ವಂಡರ್‌ಲಾಕ್ಕೆ ಬೆಂಗಳೂರಿನವರು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದು ಮಲಗುತ್ತಾರೆ. ಅದಕ್ಕಾಗಿ ಯಾರೂ ಮನೆ ಕೊಳ್ಳುವುದಿಲ್ಲ. ವಿನೋದವನಕ್ಕೆ ಅಷ್ಟೇ ಸಾಕೆಂಬುದು ನನ್ನ ಮತ.

ಒಪ್ಪಂದದ ಅವಧಿಯನ್ನು ಕೊಳ್ಳುವ ಮೊದಲೇ ನೋಡಬೇಕು. ಡಿಸ್ನಿಯ ಮೊದಮೊದಲ ವಸತಿಗಳ ಹಕ್ಕು ಬಹುಪಾಲು ೨೦೪೨ಕ್ಕೆ ಮುಗಿಯುತ್ತದೆ. ಬೇರೆ ಅನೇಕ ಸಂಸ್ಥೆಗಳದು ಶಾಶ್ವತ ಕ್ರಯಪತ್ರ. ಶಾಶ್ವತವೆಂಬ ಮಾತು ಕೇಳಲು ಹಿತ, ಆದರೆ ನಿರ್ವಹಣಾ ಶುಲ್ಕವೂ ಶಾಶ್ವತ, ಅದು ಏರುತ್ತಲೂ ಹೋಗುತ್ತದೆ. ಆರು ವರ್ಷದ ಮಗಳಿಗಾಗಿ ವನದ ಪಕ್ಕದಲ್ಲಿ ಕೊಂಡವನು ಆಕೆಗೆ ಮೂವತ್ತಾದಾಗಲೂ ಅದನ್ನು ತೆರುತ್ತಿರುತ್ತಾನೆ. ಮಾರಿಬಿಡೋಣವೆಂದರೆ ಕೊಂಡ ಬೆಲೆಯ ಅಲ್ಪ ಭಾಗವೂ ಬಾರದ ಉದಾಹರಣೆಗಳು ಬೇಕಾದಷ್ಟಿವೆ. ತಂದೆಯ ಕಾಲಾನಂತರ ಮಕ್ಕಳು ಬೇಡವೆಂದು ವಿಧಿವತ್ತಾಗಿ ಬರೆದುಕೊಡಲು ಅವಕಾಶವುಂಟು. ಕೇಳದೆ ಸುಮ್ಮನೆ ಹಣ ಕಟ್ಟುತ್ತ ಬಂದವರೂ ಉಂಟು.

ಮಾರುವವರು ಉಚಿತ ಉಪಾಹಾರ ಕೊಟ್ಟು, ಒಂದೂವರೆ ಎರಡು ಗಂಟೆ ಕೂಡಿಸಿಕೊಂಡು, ಇಂದೇ ಸಹಿ ಮಾಡಿದರೆ ಮಾತ್ರ ಈ ಬೆಲೆ ಎನ್ನುವುದು ವಾಡಿಕೆ. ರಜೆಯ ಉಲ್ಲಾಸದಲ್ಲಿರುವಾಗ, ಮಕ್ಕಳು ಹೊರಗೆ ಕಾಯುತ್ತಿರುವಾಗ, ಕೈ ತಾನಾಗಿಯೇ ಲೇಖನಿಯತ್ತ ಹೋಗುತ್ತದೆ. ಇದನ್ನು ಅರಿತೇ ಫ್ಲಾರಿಡಾದ ಕಾಯಿದೆ ಹತ್ತು ದಿನಗಳ ಅವಕಾಶವನ್ನು ಕೊಟ್ಟಿದೆ. ಸಹಿ ಮಾಡಿದ ದಿನ ಅಥವಾ ಕಾಗದಪತ್ರಗಳೆಲ್ಲ ಕೈಸೇರಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಂದಿನಿಂದ ಹತ್ತು ದಿನಗಳೊಳಗೆ ಒಪ್ಪಂದ ಬೇಡವೆಂದು ಬರಹದಲ್ಲಿ ತಿಳಿಸಿದರೆ ಕೊಟ್ಟ ಹಣ ಹಿಂದಿರುಗುತ್ತದೆ. ಈ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡರೂ ಅದು ಊರ್ಜಿತವಲ್ಲ. ಬೇರೆ ರಾಜ್ಯಗಳಲ್ಲಿ ದಿನಗಳ ಲೆಕ್ಕ ಬೇರೆ. ನಿಮ್ಮ ಮಕ್ಕಳು ಈಚೆಗೆ ಅಂಥ ಕಾಗದಕ್ಕೆ ಸಹಿ ಹಾಕಿದ್ದಾರೆಂದು ಕೇಳಿದರೆ, ಮೊದಲು ತಾರೀಖನ್ನು ವಿಚಾರಿಸಿರಿ.