ಖಾಲಿ ಕಡಲತೀರವನ್ನು ಖಾಲಿ ಮಾಡಿದವರು ಯಾರು?

ಊರಿನ ಪತ್ರಿಕೆಗಳ ಭಾನುವಾರದ ಪುರವಣಿ ತೆರೆದರೆ ಅದೇ ಮಾತು. ‘ಜನರೇ ಇಲ್ಲದ ಕಡಲತೀರ’, ‘ಯಾರಿಗೂ ಗೊತ್ತಿಲ್ಲದ ದ್ವೀಪ’, ‘ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟುಬಿಡಿ’. ಮುಂಬೈಯಲ್ಲಿ ಕೂತು ಇದನ್ನು ಓದುವ ನನ್ನದೊಂದು ಪ್ರಶ್ನೆ. ಜನರೇ ಇಲ್ಲ ಅನ್ನುತ್ತೀರಲ್ಲ, ಆ ಜನ ಎಲ್ಲಿ ಹೋದರು ಅಂತ ಯಾವತ್ತಾದರೂ ಕೇಳಿದ್ದೀರಾ?

ಸುಳ್ಳೇಕೆ, ನಾನೂ ಕೇಳಿದವನಲ್ಲ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಫೋನು ಮಾಡಿ, ‘ಕಾರವಾರದಿಂದ ಮಲ್ಪೆ ತನಕ ಚೀಲ ಹೊತ್ತು ಅಲೆಯೋಣ ಬಾರೋ’ ಅಂದ. ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿ ಹೊರಟೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ, ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಅಂತ ಗುಡ್ಡ ಹತ್ತಿಳಿದೆವು. ಚಹಾದಂಗಡಿಯವರು ನಮ್ಮ ಚೀಲ ನೋಡಿ ಹಿಂದಿಯಲ್ಲೇ ಮಾತಾಡಿಸಿದರು. ನಾವೂ ಹಿಂದಿಯಲ್ಲೇ ಉತ್ತರ ಕೊಟ್ಟೆವು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಕುಮಟಾ ದಾಟಿ ಒಂದು ಸಣ್ಣ ಹಳ್ಳಿಯ ತೀರದಲ್ಲಿ ಸಂಜೆಯಾಯಿತು. ‘ಒಂದು ನರಪಿಳ್ಳೆ ಇಲ್ಲ ಕಣೋ, ಸ್ವರ್ಗ!’ ಅಂದ ಗೆಳೆಯ. ಚೊಕ್ಕವಾಗಿ ಗುಡಿಸಿದ ಒಂದಿಷ್ಟು ಜಾಗ ಕಂಡಿತು. ಅಲ್ಲೇ ಡೇರೆ ಹಾಕಿದೆವು. ಇಷ್ಟು ಚೊಕ್ಕವಾಗಿ ಗುಡಿಸಿದವರು ಯಾರು ಅನ್ನುವ ಯೋಚನೆ ಇಬ್ಬರಿಗೂ ಬರಲಿಲ್ಲ.

ಬೆಳಿಗ್ಗೆ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಬಂದು ನಿಂತಿದ್ದರು. ಬೈಯಲಿಲ್ಲ. ‘ತಮಾ, ಇದು ಶೆಟ್ಲಿ ಒಣಗ್ಸೂ ಜಾಗ. ಬಿಸಿಲು ಬರೂದ್ರೊಳಗೆ ಸ್ವಲ್ಪ ಆಚೆಗೆ ಹೋಗ್ತ್ರಾ?’ ಅಂದರು. ಡೇರೆ ಕಿತ್ತೆವು. ಎಲ್ಲಿಂದ ಬಂದದ್ದು ಅಂತ ಕೇಳಿದರು. ಮುಂಬೈ ಅಂದೆ. ‘ಹಾಂಗಾರೆ ನಮ್ಮ ಹುಡುಗ್ರೂ ಅಲ್ಲೇ ಇದ್ರು’ ಅಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ, ‘ನೀನು ಯಾರ ಪೈಕಿ?’ ಅಂತ ಕೇಳಿದರು.

ಅಪ್ಪನ ಊರು ಅಲ್ಲಿಂದ ಎರಡು ಮೈಲಿ. ಹುಡುಗನಾಗಿದ್ದಾಗ ಅದೇ ಮರಳಿನಲ್ಲಿ ರಂಪಣಿ ಎಳೆದವರು ಅವರು. ರಂಪಣಿ ಎಂದರೆ ದೋಣಿಯಲ್ಲಿ ಒಯ್ದು ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯನ್ನು ದಡದಿಂದ ಎಳೆಯುವ ದೊಡ್ಡ ಬಲೆ. ಎಳೆಯಲು ಹತ್ತಾರು ಜನ ಬೇಕು. ಬಂಗಡೆ ಬಿದ್ದ ದಿನ ಬಲೆಯ ಪಾಲುದಾರರಿಗೂ ಎಳೆದವರಿಗೂ ಪಾಲು. ಆಗ ಈ ತೀರ ಖಾಲಿ ಇರಲಿಲ್ಲ ಸ್ವಾಮಿ! 1970ರ ದಶಕದಲ್ಲಿ ಯಂತ್ರದ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ನೀರಲ್ಲೇ ಸುತ್ತುಹಾಕಿ ಎತ್ತಿದವು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು. ಎಳೆಯುವ ಕೈಗಳು ಬೊಂಬಾಯಿಯ ಬಸ್ಸು ಹತ್ತಿದವು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವು. ಅಪ್ಪ ಹತ್ತಿದ್ದೂ ಅದೇ ಬಸ್ಸು, ಬೆನ್ನಿಗೆ ಚೀಲವಲ್ಲ, ಕೈಯಲ್ಲಿ ತಗಡಿನ ಟ್ರಂಕು. ಅದನ್ನು ಯಾರೂ ಅಲೆದಾಟ ಅಂತ ಬರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ, ನೀವು ಮೆಚ್ಚುವ ಆ ನಿರ್ಜನತೆ ಪ್ರಕೃತಿ ಕೊಟ್ಟದ್ದಲ್ಲ. ಅದು ನಮ್ಮ ಅಪ್ಪಂದಿರು ಬಿಟ್ಟುಬಂದ ಜಾಗ.

ಹೊನ್ನಾವರದ ಕಾಸರಕೋಡನ್ನೇ ನೋಡಿ. 2020ರಲ್ಲಿ ಅಲ್ಲಿನ ಬೀಚಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಊರೆಲ್ಲ ಹೆಮ್ಮೆಪಟ್ಟಿತು, ಪುರವಣಿಗಳಲ್ಲಿ ಬಣ್ಣದ ಚಿತ್ರ ಬಂತು. ಅದೇ ಕಾಸರಕೋಡಿನ ಟೊಂಕದಲ್ಲಿ ಮೀನುಗಾರರು ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಡುತ್ತ ಬಂದದ್ದು ಬೆನ್ನಿಗೆ ಚೀಲ ಹಾಕಿಕೊಂಡು ಹೋದವರಲ್ಲಿ ಎಷ್ಟು ಜನರ ಕಣ್ಣಿಗೆ ಬಿತ್ತು? 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬೀಚಿನ ಮೇಲೇ ಪ್ರವಾಸಿಗರಿಗೆ ತಾತ್ಕಾಲಿಕ ಶೆಡ್ಡು ಹಾಕಲು ದಾರಿ ಮಾಡಿಕೊಟ್ಟಿದೆ. ಶೆಡ್ಡಿಗೆ ಅರ್ಜಿ ಬರೆಯಬಲ್ಲವನ ಹತ್ತಿರ ಕಾಗದವಿರುತ್ತದೆ. ಅಜ್ಜಿಯ ಮೀನು ಒಣಗಿಸುವ ಜಾಗಕ್ಕೆ ಯಾವ ಕಾಗದವಿದೆ? ‘ಜನರೇ ಇಲ್ಲದ ತೀರ’ ಎಂದು ಬರೆಯುವ ಪ್ರತಿಯೊಬ್ಬನೂ ಆ ಅರ್ಜಿಗೆ ಸಾಕ್ಷಿ ಸಹಿ ಹಾಕಿದಂತೆ.

ಕೊನೆಗೆ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ಕಂಬ ಜೋಡಿಸಿಟ್ಟಂಥ ಆ ಕಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಹೆಸರಿಟ್ಟನೆಂಬ ಕಥೆಯೂ ಇದೆ. ದೋಣಿಯಲ್ಲಿದ್ದವರಿಗೆಲ್ಲ ಈ ಎರಡೂ ಗೊತ್ತಿತ್ತು. ಅದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

‘ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು ಬರುತ್ತದಲ್ಲ’ ಅನ್ನುವಿರಿ. ಬರುತ್ತದೆ, ಬರಲಿ. ಆದರೆ ನೆಲದ ಬಗ್ಗೆ ಮಾತಾಡುವ ಹಕ್ಕು ಕೊಟ್ಟು ಆ ಕಾಸು ಕೊಂಡುಕೊಳ್ಳಬೇಕೆ? ‘ಬಿಟ್ಟುಹೋದ ನಿಮಗೇಕೆ ಈ ಉಸಾಬರಿ’ ಅಂತಲೂ ಕೇಳುವಿರಿ. ಬಿಟ್ಟುಬಂದದ್ದಕ್ಕೇ ಹೇಳುತ್ತಿದ್ದೇನೆ. ಮನೆಯವರು ಹೊರಗೆ ದುಡಿಯಲು ಹೋಗಿದ್ದಾರೆ ಅಂದಮಾತ್ರಕ್ಕೆ ಮನೆ ಖಾಲಿ ಬಿದ್ದಿದೆ ಅಂತ ಯಾರೂ ಬೋರ್ಡು ಹಾಕುವುದಿಲ್ಲ. ಹಿತ್ತಿಲಲ್ಲಿ ಅಜ್ಜಿ ಇನ್ನೂ ಇದ್ದಾರೆ.

ಬನ್ನಿ, ಬೇಡ ಅನ್ನಲು ನಾನ್ಯಾರು? ಡೇರೆ ಹಾಕುವ ಮೊದಲು ಇದು ಯಾರ ಜಾಗ ಅಂತ ಒಂದು ಮಾತು ಕೇಳಿ. ಕನ್ನಡದಲ್ಲೇ ಕೇಳಿ. ಊರಿಗೆ ಮರಳಿ ಬರೆಯುವಾಗ ‘ಯಾರೂ ಇರಲಿಲ್ಲ’ ಅಂತ ಬರೆಯಬೇಡಿ. ಅಜ್ಜಿ ಕೇಳಿದ ಪ್ರಶ್ನೆಗೆ ನಾನು ಅಪ್ಪನ ಹೆಸರು ಹೇಳಿದೆ. ಅವರು ಬುಟ್ಟಿ ಇಳಿಸಿ, ‘ಅಂವ ಬರ್ಲಿಲ್ವನಾ?’ ಅಂದರು. ಅಪ್ಪ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.