ಹಾಲು ಹಾಳಾಗಿ ಕೇಳಿಸದಿರಲಿ

ಹೊರನಾಡಿನಲ್ಲಿ ನೆಲೆಸಿರುವ ನಮಗೆ ಕನ್ನಡ ಕಿವಿಗೆ ಬೀಳುವ ಜಾಗಗಳು ಕೆಲವೇ. ಮನೆಯ ಅಡುಗೆಮನೆ, ಸಂಘದ ಸಭಾಂಗಣ, ವರ್ಷಕ್ಕೊಮ್ಮೆ ಬರುವ ರಾಜ್ಯೋತ್ಸವದ ವೇದಿಕೆ, ಊರಿನಿಂದ ಬರುವ ಫೋನಿನ ಕರೆ. ಈ ಪಟ್ಟಿಗೆ ಸದ್ದಿಲ್ಲದೆ ಸೇರಿಕೊಂಡಿರುವ ಇನ್ನೊಂದು ಜಾಗ ನಮ್ಮ ಕಾರು. ಮುಂಬಯಿಯ ವಾಹನದಟ್ಟಣೆಯಲ್ಲಿ, ಹೈದರಾಬಾದಿನ ಹೊರವರ್ತುಲ ರಸ್ತೆಯಲ್ಲಿ, ದೆಹಲಿಯಿಂದ ನೋಯ್ಡಾ ಗುರುಗ್ರಾಮಗಳಿಗೆ ಹೋಗಿಬರುವ ದಾರಿಯಲ್ಲಿ ನಮ್ಮಲ್ಲಿ ಅನೇಕರು ದಿನಕ್ಕೆ ಒಂದೆರಡು ಗಂಟೆಗಳನ್ನು ಗಾಜು ಏರಿಸಿದ ಪುಟ್ಟ ಕೋಣೆಯಲ್ಲಿ ಕಳೆಯುತ್ತೇವೆ. ಮನೆಮಂದಿಯೆಲ್ಲ ಒಟ್ಟಾಗಿ, ಎದ್ದುಹೋಗುವ ಅವಕಾಶವಿಲ್ಲದೆ, ಒಂದೇ ಹಾಡನ್ನು ಕೇಳುವ ಜಾಗ ಇಂದು ಬಹುಶಃ ಇದೊಂದೇ. ಆದ್ದರಿಂದ ಕಾರಿನ ಸ್ಟೀರಿಯೊ ಎಂಬುದು ಕೇವಲ ಶೋಕಿಯ ವಸ್ತುವಲ್ಲ, ಅದರ ಬಗ್ಗೆ ಸಾಹಿತ್ಯದ ಬಳಗವೊಂದು ಮಾತಾಡುವುದು ಅಸಂಗತವೂ ಅಲ್ಲ ಎಂದು ನಾವು ಭಾವಿಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೈಯಲ್ಲಿರುವ ಹಣ ಕಡಿಮೆಯಿದ್ದಾಗ ಅದನ್ನು ಸದ್ದು ಹೆಚ್ಚಿಸಲು ಖರ್ಚು ಮಾಡಬಾರದು. ಮಾತು ಸ್ಪಷ್ಟವಾಗಿ ಕೇಳಿಸಲು ಖರ್ಚು ಮಾಡಬೇಕು. ದೆಹಲಿಯ ಕರೋಲ್ ಬಾಗ್, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆ, ಬೆಂಗಳೂರಿನ ಜೆ.ಸಿ. ರಸ್ತೆ, ಹೀಗೆ ಯಾವ ಕಾರುಸಾಮಗ್ರಿಯ ಪೇಟೆಗೆ ಹೋದರೂ ಅಂಗಡಿಯವರು ಮೊದಲು ತೋರಿಸುವುದು ಎರಡನ್ನು: ದೊಡ್ಡ ಪರದೆ ಮತ್ತು ಹಿಂಬದಿಯ ಡಿಕ್ಕಿಯಲ್ಲಿ ಕೂರುವ ದೊಡ್ಡ ಬಾಸ್ ಪೆಟ್ಟಿಗೆ. ಪರದೆ ಕಣ್ಣಿಗೆ, ಪೆಟ್ಟಿಗೆ ಎದೆಗೆ. ನಡುವೆ ಕಿವಿಯ ಪಾಲಿಗೆ ಏನೂ ಉಳಿಯುವುದಿಲ್ಲ.

ಇದು ಕೇವಲ ಅಭಿರುಚಿಯ ಮಾತಲ್ಲ, ಶ್ರವಣಶಾಸ್ತ್ರದ ಮಾತೂ ಹೌದು. ಮಾತಿನಲ್ಲಿ ಸ್ವರಗಳ ಬಲವಿರುವುದು ಹೆಚ್ಚಾಗಿ ಕೆಳಗಿನ ಆವೃತ್ತಿಗಳಲ್ಲಿ, ಕೆಲವು ನೂರು ಹರ್ಟ್ಜ್‌ಗಳಿಂದ ಒಂದೆರಡು ಸಾವಿರದವರೆಗೆ. ಆದರೆ ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ವ್ಯಂಜನಗಳ ಗುರುತು ಬಹುಮಟ್ಟಿಗೆ 2,000 ಹರ್ಟ್ಜ್‌ಗಿಂತ ಮೇಲಿರುತ್ತದೆ. ಸಕಾರದ ಸೀಟಿಯಂಥ ಸದ್ದು ಇನ್ನೂ ಮೇಲೆ, 4,000 ದಾಟಿ ಹರಡಿಕೊಂಡಿರುತ್ತದೆ. ಲಕಾರ ಳಕಾರಗಳ ವ್ಯತ್ಯಾಸವನ್ನು ಕಿವಿ ಹಿಡಿಯುವುದೂ ಸುಮಾರಾಗಿ 2,000ದಿಂದ 3,000 ಹರ್ಟ್ಜ್‌ಗಳ ನಡುವಿನ ಸೂಕ್ಷ್ಮ ಬದಲಾವಣೆಯಿಂದಲೇ. ಅಗ್ಗದ ಕಾರುಗಳಲ್ಲಿ ಕಂಪನಿಯೇ ಅಳವಡಿಸಿ ಕೊಡುವ ಕಾಗದದ ಸ್ಪೀಕರು ಬಾಗಿಲಿನ ಕೆಳಭಾಗದಲ್ಲಿ, ನಮ್ಮ ಮೊಣಕಾಲಿಗಿಂತ ಕೆಳಗೆ ಕೂತಿರುತ್ತದೆ. ಮೇಲಿನ ಆವೃತ್ತಿಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಸಾಗುವಂಥವು. ಅವು ಕಾಲಿಗೂ ಸೀಟಿನ ಬಟ್ಟೆಗೂ ಬಡಿದು ಅಲ್ಲೇ ಇಂಗಿಹೋಗುತ್ತವೆ. ಕಿವಿಗೆ ತಲುಪುವುದು ಸ್ವರಗಳ ಗುನುಗು ಮಾತ್ರ. ಹಾಡಿನ ಧಾಟಿ ಕೇಳುತ್ತದೆ, ಪದ ಕೇಳುವುದಿಲ್ಲ. ಹಾಲು ಹಾಳಾಗಿ ಕೇಳಿಸುತ್ತದೆ.

ಊರಿನಲ್ಲಿರುವವರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಹಾಡಿನಲ್ಲಿ ತಪ್ಪಿದ ಪದ ಅವರಿಗೆ ಬೀದಿಯಲ್ಲಿ ಮತ್ತೆ ಸಿಗುತ್ತದೆ. ನಮ್ಮ ಹಿಂಬದಿಯ ಸೀಟಿನಲ್ಲಿ ಕೂತ ಮಕ್ಕಳ ಪರಿಸ್ಥಿತಿ ಬೇರೆ. ದೆಹಲಿಯಲ್ಲಿ ಬೆಳೆಯುವ ಮಗುವಿಗೆ ಶಾಲೆಯ ಹಿಂದಿಯಲ್ಲಿ ಳಕಾರ ಕೇಳಲು ಸಿಗುವುದಿಲ್ಲ. ಚೆನ್ನೈಯ ಮಗು ಕಲಿಯುವ ತಮಿಳು ಲಿಪಿಯಲ್ಲಿ ಮಹಾಪ್ರಾಣಗಳಿಗೆ ಪ್ರತ್ಯೇಕ ಅಕ್ಷರವೇ ಇಲ್ಲ. ಮುಂಬಯಿ ಪುಣೆಗಳ ಮಕ್ಕಳು ಮರಾಠಿಯ ದಯೆಯಿಂದ ಳಕಾರವನ್ನು ಉಳಿಸಿಕೊಂಡಿದ್ದಾರೆ, ಅಷ್ಟರಮಟ್ಟಿಗೆ ಅದೃಷ್ಟವಂತರು. ಇಂಥ ಮಕ್ಕಳಿಗೆ ಕನ್ನಡದ ನುಡಿ ತಂದೆತಾಯಿಯರ ಬಾಯಿಂದ ಬಿಟ್ಟರೆ ಧ್ವನಿಮುದ್ರಿಕೆಯಿಂದಲೇ ಬರಬೇಕು. ಅದೇ ಮಸುಕಾಗಿ ಬಂದರೆ ಅವರು ಕಲಿಯುವುದು ಕನ್ನಡದ ರಾಗವನ್ನು, ಕನ್ನಡವನ್ನಲ್ಲ.

ನಾವು ಕೇಳುವ ಸಂಗೀತದ ಸ್ವಭಾವವನ್ನೂ ನೆನೆಯಬೇಕು. ಪಿ. ಕಾಳಿಂಗರಾಯರಿಂದ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥರವರೆಗೆ ಬೆಳೆದುಬಂದ ಸುಗಮ ಸಂಗೀತದಲ್ಲಿ ರಾಗ ಕವಿತೆಯ ಸೇವೆಗೆ ನಿಂತಿದೆ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿ ನಿಸಾರ್ ಅಹಮದರ ಕವಿತೆಗಳನ್ನು ಪುಸ್ತಕ ಓದದವರ ಮನೆಗೂ ಒಯ್ದದ್ದು ಪದಗಳು ಕೇಳಿಸಿದ್ದರಿಂದ. ದಾಸರ ಪದ, ವಚನಗಾಯನ, ಕುಮಾರವ್ಯಾಸನ ಗಮಕ ಎಲ್ಲವೂ ಹೀಗೆಯೇ. ತಾಳಮದ್ದಳೆಯಂತೂ ಮಾತಿನದೇ ಕಲೆ. ಅರ್ಥಧಾರಿಯ ವಾದದಲ್ಲಿ ಒಂದು ಶಬ್ದ ತಪ್ಪಿದರೆ ಪ್ರತಿವಾದದ ಸೊಗಸೇ ತಪ್ಪಿತು. ನೃತ್ಯಕ್ಕೆಂದು ಮಾಡಿದ ಹಾಡಿಗೆ ಬಾಸ್ ಬೇಕು, ಸರಿ. ನಮ್ಮ ಸಂಗ್ರಹದ ಬಹುಪಾಲಿಗೆ ಬೇಕಿರುವುದು ಅದಲ್ಲ.

ಹಾಗಾದರೆ ಮಿತವಾದ ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

ಮೊದಲನೆಯ ಸುಧಾರಣೆಗೆ ಹಣವೇ ಬೇಡ. ಸ್ಟೀರಿಯೊದ ಬಾಸ್, ಟ್ರೆಬಲ್, ಲೌಡ್‌ನೆಸ್ ಎಲ್ಲವನ್ನೂ ಸೊನ್ನೆಗೆ ತಂದು ಒಮ್ಮೆ ಕೇಳಬೇಕು. ಹಿಂದಿನ ಸ್ಪೀಕರುಗಳ ಪಾಲನ್ನು ತಗ್ಗಿಸಿ ಸದ್ದು ಮುಂದಿನಿಂದ ಬರುವಂತೆ ಮಾಡಬೇಕು. ಗಾಯಕ ಎದುರಿಗೆ ಕೂತು ಹಾಡುತ್ತಾನೆಯೇ ಹೊರತು ನಮ್ಮ ಬೆನ್ನ ಹಿಂದೆ ನಿಂತಲ್ಲ. ಇನ್ನೊಂದು ಪರೀಕ್ಷೆ: ಸ್ಪೀಕರಿನ ತಂತಿಗಳಲ್ಲಿ ಒಂದು ಕಡೆಯದು ತಿರುಗುಮುರುಗಾಗಿ ಜೋಡಣೆಯಾಗಿದ್ದರೆ ಎಡಬಲಗಳ ಸದ್ದು ಒಂದನ್ನೊಂದು ಕಡಿದುಹಾಕಿ ದನಿ ಟೊಳ್ಳಾಗುತ್ತದೆ. ಹಿಂದೆ ಎಂದಾದರೂ ಸ್ಪೀಕರು ಬದಲಾಯಿಸಿದ ಕಾರುಗಳಲ್ಲಿ ಇದನ್ನು ನೋಡಿಸುವುದು ಒಳ್ಳೆಯದು.

ಎರಡನೆಯದು ಮೂಲ. ಕಡಿಮೆ ಗುಣಮಟ್ಟದಲ್ಲಿ ಹಿಂಡಿಟ್ಟ, ಕೈಯಿಂದ ಕೈಗೆ ದಾಟಿಬಂದ ಕಡತವನ್ನು ಯಾವ ಸ್ಪೀಕರೂ ಉದ್ಧಾರ ಮಾಡಲಾರದು. ಒಳ್ಳೆಯ ಸ್ಪೀಕರು ಅದರ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿಸೀತು. ಹಾಡಿನ ಆ್ಯಪಿನಲ್ಲಿ ಗುಣಮಟ್ಟವನ್ನು ಅತಿ ಹೆಚ್ಚಿನದಕ್ಕೆ ಹೊಂದಿಸಿ ಮನೆಯ ವೈಫೈಯಲ್ಲೇ ಇಳಿಸಿಕೊಂಡರೆ ದಾರಿಯಲ್ಲಿ ತೊಡಕಿಲ್ಲ. ಬ್ಲೂಟೂತಿಗಿಂತ ಯುಎಸ್‌ಬಿ ತಂತಿಯ ಜೋಡಣೆ ಸಾಮಾನ್ಯವಾಗಿ ಮೇಲು, ಏಕೆಂದರೆ ಬ್ಲೂಟೂತು ಸದ್ದನ್ನು ಇನ್ನೊಮ್ಮೆ ಹಿಂಡುತ್ತದೆ. ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುವವರು ಹಿಂಡದ ಮೂಲ ಕಡತವನ್ನು ಕಾಪಿಟ್ಟು, ಕಾರಿಗೆ ಅದರ ಪ್ರತಿಯನ್ನು ಒಯ್ಯಬೇಕು. ಸಂಘದ ಕಪಾಟಿನಲ್ಲಿ ಹಳೆಯ ಉಪನ್ಯಾಸಗಳ ಸುರುಳಿಗಳಿದ್ದರೆ ಈ ಕೆಲಸ ಇನ್ನೂ ತುರ್ತಿನದು. ಟೇಪು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಅದನ್ನು ನುಡಿಸುವ ಯಂತ್ರ ಅದಕ್ಕಿಂತ ಬೇಗ ಮಾಯವಾಗುತ್ತಿದೆ.

ಮೂರನೆಯದು ಮುಂದಿನ ಸ್ಪೀಕರುಗಳು. ಹಣ ಖರ್ಚಾಗಬೇಕಾದದ್ದು ಇಲ್ಲಿ. ಟ್ವೀಟರ್ ಪ್ರತ್ಯೇಕವಾಗಿ ಬರುವ ಕಾಂಪೊನೆಂಟ್ ಜೋಡಿಯನ್ನು ಕೊಂಡು, ದೊಡ್ಡ ಸ್ಪೀಕರನ್ನು ಬಾಗಿಲಿನ ಹಳೆಯ ಜಾಗದಲ್ಲಿಯೂ ಟ್ವೀಟರನ್ನು ಕನ್ನಡಿಯ ಹಿಂದಿನ ತ್ರಿಕೋನದಲ್ಲಿಯೋ ಗಾಜಿನ ಪಕ್ಕದ ಕಂಬದಲ್ಲಿಯೋ ಕೂರಿಸಿದರೆ ವ್ಯಂಜನಗಳು ನೇರವಾಗಿ ಕಿವಿಗೆ ಬರುತ್ತವೆ. ಕೊಳ್ಳುವಾಗ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ಸಂಖ್ಯೆಯನ್ನು ಮರೆಯಬೇಕು. ಸಣ್ಣಕ್ಷರದಲ್ಲಿರುವ ಆರ್‌ಎಂಎಸ್ ವಾಟ್ ಮತ್ತು ಸೆನ್ಸಿಟಿವಿಟಿಯನ್ನು ಓದಬೇಕು. ಸ್ಟೀರಿಯೊ ಮೇಲೆ 50×4 ವಾಟ್ ಎಂದು ಬರೆದಿದ್ದರೂ ಕಾರಿನ ಬ್ಯಾಟರಿಯ ವೋಲ್ಟೇಜಿನಲ್ಲಿ ಅದು ಶುದ್ಧವಾಗಿ, ಎಡೆಬಿಡದೆ ಕೊಡಬಲ್ಲದ್ದು ಒಂದೊಂದು ಸ್ಪೀಕರಿಗೆ ಸುಮಾರು 15ರಿಂದ 20 ವಾಟ್. ಅಷ್ಟರಲ್ಲೇ ಚೆನ್ನಾಗಿ ನುಡಿಯುವ ಸ್ಪೀಕರು ಬೇಕು. ಸೆನ್ಸಿಟಿವಿಟಿ 3 ಡೆಸಿಬೆಲ್ ಹೆಚ್ಚಿದ್ದರೆ ಆಂಪ್ಲಿಫೈಯರಿನ ಶಕ್ತಿಯನ್ನು ಇಮ್ಮಡಿಗೊಳಿಸಿದಷ್ಟೇ ಫಲ. 89ರ ಬದಲು 92ರದನ್ನು ಆರಿಸಿದರೆ ಹೊಸ ಆಂಪ್ಲಿಫೈಯರಿನ ಹಣ ಉಳಿದೀತು.

ನಾಲ್ಕನೆಯದು ಅಂಗಡಿಯವರು ತಾವಾಗಿ ಹೇಳದ, ಆದರೆ ನಮ್ಮ ದೃಷ್ಟಿಯಲ್ಲಿ ಅತ್ಯಂತ ಲಾಭದ ಕೆಲಸ: ಬಾಗಿಲನ್ನು ಭದ್ರಗೊಳಿಸುವುದು. ಸ್ಪೀಕರು ಮುಂದಕ್ಕೂ ಹಿಂದಕ್ಕೂ ಸಮನಾಗಿ ಸದ್ದು ಹೊಮ್ಮಿಸುತ್ತದೆ. ಬಾಗಿಲಿನ ಒಳತಗಡಿನ ದೊಡ್ಡ ತೂತುಗಳಿಂದ ಹಿಂದಿನ ಸದ್ದು ನುಸುಳಿ ಮುಂದಿನ ಸದ್ದನ್ನು ಅಳಿಸುತ್ತದೆ. ಹೊರತಗಡು ತಾನೇ ಡೋಲಿನಂತೆ ಕಂಪಿಸಿ ತನ್ನ ದನಿ ಸೇರಿಸುತ್ತದೆ. ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ಹಾಳೆಯನ್ನು ಹೊರತಗಡಿನ ಒಳಮೈಗೆ ಅಂಟಿಸಿ, ಒಳತಗಡಿನ ತೂತುಗಳನ್ನು ಮುಚ್ಚಿದರೆ ಅದೇ ಸ್ಪೀಕರು ಬೇರೆಯದೇ ಎಂಬಂತೆ ಕೇಳಿಸುತ್ತದೆ. ರಸ್ತೆಯ ಗದ್ದಲವೂ ತುಸು ತಗ್ಗುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗಲು ಇರುವ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಮುಂಬಯಿಯ ಮಳೆಗಾಲದಲ್ಲಿ ಬಾಗಿಲು ತುಕ್ಕು ಹಿಡಿಯಲು ಅಷ್ಟೇ ಸಾಕು. ಸ್ಪೀಕರಿನ ಅಡಿಗೆ ಮರದ ಹೊಟ್ಟಿನ ಬಳೆಯ ಬದಲು ಪ್ಲಾಸ್ಟಿಕ್ಕಿನದನ್ನು ಕೇಳುವುದೂ ಈ ಕಾರಣಕ್ಕೇ.

ಒಟ್ಟು ಹತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಂಡರೆ ನಾವು ಅದರಲ್ಲಿ ಆರು ಸಾವಿರವನ್ನು ಮುಂದಿನ ಸ್ಪೀಕರುಗಳಿಗೆ, ಎರಡೂವರೆಯನ್ನು ಬಾಗಿಲಿಗೆ, ಉಳಿದದ್ದನ್ನು ಕೂಲಿಗೂ ಸರಿಯಾದ ಕಪ್ಲರಿಗೂ ಹಂಚುತ್ತೇವೆ. ಕಪ್ಲರ್ ಎಂದೆವು, ಕಂಪನಿಯ ತಂತಿಯನ್ನು ಕತ್ತರಿಸಿ ಟೇಪು ಸುತ್ತುವ ಕೆಲಸಕ್ಕೆ ಒಪ್ಪಲೇಬಾರದು. ಕತ್ತರಿಸಿದ ತಂತಿಯಿಂದ ವಾರಂಟಿಯ ತಕರಾರು, ಸಡಿಲ ಜೋಡಣೆಯಿಂದ ಬೆಂಕಿಯ ಭಯ. ಹಿಂದಿನ ಸ್ಪೀಕರುಗಳನ್ನು ಇದ್ದ ಹಾಗೆಯೇ ಬಿಡುವುದು. ಸ್ಟೀರಿಯೊ ಕೆಡದೆ ನಡೆಯುತ್ತಿದ್ದರೆ ಅದನ್ನೂ ಬಿಡುವುದು. ಅಗ್ಗದ ದೊಡ್ಡ ಪರದೆಯ ಒಳಗಿರುವ ಆಂಪ್ಲಿಫೈಯರು ಕಂಪನಿಯದಕ್ಕಿಂತ ಮೇಲಾಗಿರುತ್ತದೆ ಎಂಬ ಖಾತ್ರಿಯೇನೂ ಇಲ್ಲ. ಆಂಪ್ಲಿಫೈಯರು, ಸಬ್‌ವೂಫರುಗಳು ಮುಂದಿನ ವರ್ಷದ ಬೋನಸ್ಸಿಗೆ ಕಾಯಲಿ. ಅವು ಬಂದಾಗ ಬ್ಯಾಟರಿಯಿಂದ ಎಳೆಯುವ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸು ಇರಲಿ.

ನಮ್ಮ ಮಾತಿಗೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಓಡುವ ಕಾರಿನಲ್ಲಿ ಬಾಸ್ ಹೆಚ್ಚು ಬೇಕಾಗುತ್ತದೆ ಎನ್ನುವುದು ಮೊದಲನೆಯದು. ಇದರಲ್ಲಿ ನಿಜವಿದೆ. ಚಕ್ರ, ಎಂಜಿನ್‌ಗಳ ಗದ್ದಲ ಹೆಚ್ಚಾಗಿ ಕೆಳ ಆವೃತ್ತಿಗಳದು, ಅದು ಹಾಡಿನ ಮಂದ್ರವನ್ನು ನುಂಗುತ್ತದೆ. ಆದರೆ ಪ್ರಬಲವಾದ ಕೆಳ ಸದ್ದು ತನಗಿಂತ ಮೇಲಿನ ಆವೃತ್ತಿಗಳನ್ನೂ ಕಿವಿಯಲ್ಲಿ ಮುಚ್ಚಿಹಾಕುತ್ತದೆ ಎಂಬುದು ಶ್ರವಣವಿಜ್ಞಾನದ ಗಟ್ಟಿಯಾದ ತಿಳಿವಳಿಕೆ. ಗದ್ದಲದ ಮೇಲೆ ಬಾಸ್ ಸುರಿದರೆ ಮುಚ್ಚುವ ಕೆಲಸಕ್ಕೆ ಇನ್ನೊಬ್ಬ ಆಳು ಸೇರಿದಂತಾಯಿತು. ಗದ್ದಲವನ್ನು ತಗ್ಗಿಸುವುದು ಇದಕ್ಕಿಂತ ಒಳ್ಳೆಯ ಮದ್ದು.

ಮಕ್ಕಳಿಗೆ ಅವರ ಹಾಡು ಬೇಡವೇ ಎಂಬುದು ಎರಡನೆಯ ಆಕ್ಷೇಪ. ಖಂಡಿತ ಬೇಕು. ಮಾತನ್ನು ಸ್ಪಷ್ಟವಾಗಿ ನುಡಿಸುವ ಸ್ಪೀಕರು ಹೊಸ ಹಾಡನ್ನೂ ಚೆನ್ನಾಗಿಯೇ ನುಡಿಸುತ್ತದೆ. ಬಾಸಿಗೆಂದೇ ಹೊಂದಿಸಿದ ವ್ಯವಸ್ಥೆಯಲ್ಲಿ ಗಮಕ ಕೇಳಲಾಗುವುದಿಲ್ಲ. ಮೊದಲನೆಯದು ಇಬ್ಬರಿಗೂ ಒಗ್ಗುತ್ತದೆ, ಎರಡನೆಯದು ಒಬ್ಬರಿಗೆ ಮಾತ್ರ. ಪ್ರತಿಯೊಬ್ಬರ ಕಿವಿಗೂ ಇಯರ್‌ಫೋನು ಇರುವಾಗ ಕಾರಿಗೇಕೆ ಖರ್ಚು ಎನ್ನುವವರೂ ಇದ್ದಾರೆ. ವಾಹನ ನಡೆಸುವವರು ಕಿವಿ ಮುಚ್ಚಿಕೊಳ್ಳುವುದು ಅಪಾಯ. ಅದಕ್ಕಿಂತಲೂ ಇಯರ್‌ಫೋನಿನಲ್ಲಿ ಕೇಳಿದ ಹಾಡಿನ ಬಗ್ಗೆ ಮಗು ‘ಅಪ್ಪಾ, ಹಾಗಂದರೇನು?’ ಎಂದು ಕೇಳುವುದಿಲ್ಲ. ಆ ಪ್ರಶ್ನೆ ಹುಟ್ಟಬೇಕಾದರೆ ಎಲ್ಲರೂ ಒಂದೇ ಪದವನ್ನು ಒಂದೇ ಗಳಿಗೆಯಲ್ಲಿ ಕೇಳಿರಬೇಕು.

ಸ್ಪಷ್ಟತೆಯ ಇನ್ನೊಂದು ಲಾಭವನ್ನೂ ಹೇಳಬೇಕು. ಪದ ಕೇಳಿಸದಿದ್ದಾಗ ನಾವು ವಾಲ್ಯೂಮ್ ಏರಿಸುತ್ತೇವೆ. ಕೇಳಿಸಿದಾಗ ಇಳಿಸುತ್ತೇವೆ. ಇಳಿಸಿದ ಸದ್ದಿನಲ್ಲಿ ಹಿಂದಿನ ವಾಹನದ ಹಾರ್ನೂ ಕೇಳುತ್ತದೆ, ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತದೆ, ಸಂಜೆಯ ಹೊತ್ತಿಗೆ ಕಿವಿಯೂ ದಣಿಯುವುದಿಲ್ಲ.

ಗಣೇಶನ ಹಬ್ಬಕ್ಕೋ ದಸರೆಗೋ ಮುಂಬಯಿ ಪುಣೆಗಳಿಂದ ನಮ್ಮವರ ಕಾರುಗಳು 48ನೆಯ ಹೆದ್ದಾರಿ ಹಿಡಿದು ಸಾತಾರಾ, ಕೊಲ್ಹಾಪುರಗಳನ್ನು ದಾಟಿ ನಿಪ್ಪಾಣಿಯತ್ತ ಹೊರಡುತ್ತವೆ. ಗಡಿ ದಾಟಿದ ಮೇಲೆ ಅಂಗಡಿಯ ಫಲಕಗಳೇ ಕನ್ನಡ ಕಲಿಸುತ್ತವೆ, ಅಲ್ಲಿ ಸ್ಟೀರಿಯೊ ಆರಿಸಿದರೂ ನಡೆದೀತು. ಗಡಿಯ ಈಚೆಗಿನ ಅಷ್ಟೂ ದಾರಿಯಲ್ಲಿ, ಮತ್ತು ವರ್ಷದ ಉಳಿದೆಲ್ಲ ದಿನಗಳಲ್ಲಿ, ಆ ಕೆಲಸ ಮಾಡಬೇಕಾದದ್ದು ಕಾರಿನೊಳಗಿನ ದನಿ. ಈ ಸಲ ಅಂಗಡಿಗೆ ಹೋಗುವಾಗ ಅವರು ನುಡಿಸಿ ತೋರಿಸುವ ಅಬ್ಬರದ ಹಾಡನ್ನು ಬದಿಗಿಟ್ಟು, ನಿಮಗೆ ಕಂಠಪಾಠವಿರದ ಒಂದು ಭಾವಗೀತೆಯನ್ನೋ ತಾಳಮದ್ದಳೆಯ ತುಣುಕನ್ನೋ ಜೊತೆಗೊಯ್ಯಿರಿ. ಮೊದಲ ಸಲಕ್ಕೇ ಎಷ್ಟು ಪದಗಳು ತಿಳಿದವೆಂದು ಎಣಿಸಿ. ಹೆಚ್ಚು ಪದ ಕೇಳಿಸಿದ ಸ್ಪೀಕರನ್ನೇ ಕೊಳ್ಳಿ, ಅದರ ಬೆಲೆ ಕಡಿಮೆಯಿದ್ದರೂ ಸಂಕೋಚ ಬೇಡ.