ಲಿಫ್ಟು ಗಟ್ಟಿ, ನೆಲವೋ?

ಮಾದಪ್ಪನ ಬೆಟ್ಟದ ತಿರುವು ಇಳಿದು ಬಂದ ಕಾರುಗಳ ಬ್ರೇಕು ನೋಡುವವರು ನಮ್ಮ ಹನೂರು, ಕೊಳ್ಳೇಗಾಲದ ಮೆಕ್ಯಾನಿಕ್ಕುಗಳು. ಗುಂಡಿಗಿಳಿದು ಸೊಂಟ ಸವೆಸಿದವರಿಗೆ ಎರಡು ಕಂಬದ ಲಿಫ್ಟು ಬಂದರೆ ಯಾರಿಗೆ ಹೊಟ್ಟೆಯುರಿ? ಬರಲಿ ಸ್ವಾಮಿ. ಆದರೆ ಅದಕ್ಕೆ ಬೋಲ್ಟು ಹೊಡೆಯೋದು ಯಾವ ನೆಲಕ್ಕೆ?

ಒಂದೂವರೆ ಟನ್ನಿನ ಕಾರು ತೋಳುಗಳ ಮೇಲೆ ಕೂತಾಗ ಕಂಬ ಒಳಕ್ಕೆ ವಾಲಲು ನೋಡುತ್ತದೆ. ಹೊರಬದಿಯ ಬೋಲ್ಟನ್ನು ನೆಲದಿಂದ ಕೀಳುತ್ತದೆ. ತಯಾರಕರು ಸಾಮಾನ್ಯವಾಗಿ ಕೇಳುವುದು ಕನಿಷ್ಠ 4 ಅಂಗುಲ ಗಟ್ಟಿ ಕಾಂಕ್ರೀಟು. ಮೇಲಿನ ಗಾರೆ, ಟೈಲ್ಸು ಲೆಕ್ಕಕ್ಕಿಲ್ಲ. ದಿನಸಿ ಅಂಗಡಿಗೆಂದು ಕಟ್ಟಿದ ಮಳಿಗೆಯಲ್ಲಿ ಅಷ್ಟಿದೆಯೇ? ಒಂದು ತೂತು ಕೊರೆದು ಕಡ್ಡಿ ಇಳಿಸಿದರೆ ಗೊತ್ತಾಗುತ್ತೆ. ಅದನ್ನೂ ಮಾಡದೆ, ತೂತಿಗೆ ಅಂಟು ಸುರಿದರಾಯ್ತು ಅನ್ನೋರಿದ್ದಾರೆ. ಹುಡಿ ಕಾಂಕ್ರೀಟನ್ನು ಅಂಟು ಗಟ್ಟಿ ಮಾಡೀತೇ? ಅದರಡಿ ನಿಲ್ಲುವವನು ಸ್ಪ್ಯಾನರ್ ಹಿಡಿದ ಹುಡುಗ!

ನೆಲ ತೆಳುವಾಗಿದ್ದರೆ ಕಂಬದಡಿ ಒಡೆದು, ಆಳ ತೋಡಿ, ಕಂಬಿ ಕಟ್ಟಿ, ಹೊಸ ಕಾಂಕ್ರೀಟು ಹಾಕಿ 28 ದಿನ ಬಿಡಬೇಕು. ಇಲ್ಲಿ ಅಡ್ಡ ಬರೋದು ಮಳಿಗೆ ಮಾಲೀಕರ ‘ನೆಲ ಮುಟ್ಟಬೇಡಪ್ಪಾ’. ಯಳಂದೂರಾಗಲಿ ಕೊಳ್ಳೇಗಾಲವಾಗಲಿ, ಗ್ಯಾರೇಜಿಗೇ ಅಂತ ಬಾಡಿಗೆ ಎಣಿಸುವವರು ಈ ಖರ್ಚಿನಲ್ಲಿ ಅರ್ಧ ಹೊರಲಿ. ಒಪ್ಪದಿದ್ದರೆ ಲಿಫ್ಟಿಗೆ ಮುಂಗಡ ಕೊಡಬೇಡಿ. ಸದ್ಯಕ್ಕೆ ಹಳೇ ಗುಂಡಿಯೇ ಇರಲಿ.